ರೈಡ್ ಸಾಲಿನಲ್ಲಿ ಟವೆಲ್ ಹಾಕಬೇಡಿ: ಥೀಮ್ ಪಾರ್ಕಿನಲ್ಲಿ ಕಾಯುವ ಕ್ರಮ

ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿಯುವುದನ್ನು ನೋಡದ ಕನ್ನಡಿಗರಿಲ್ಲ. ಹಬ್ಬದ ಹಿಂದಿನ ದಿನ ಮಂಡಿನೋವಿನ ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗುವಾಗ ನಾನೂ ಹಾಗೆ ಸೀಟು ಹಿಡಿದಿದ್ದೇನೆ. ಒಬ್ಬರು ಮುಂದೆ ಓಡುವುದು, ಉಳಿದವರು ಲಗೇಜು ಹೊತ್ತು ನಿಧಾನಕ್ಕೆ ಬರುವುದು ನಮ್ಮ ಸಂಸಾರಗಳ ಹಳೆಯ ಏರ್ಪಾಡು. ಆ ಏರ್ಪಾಡೇ ಥೀಮ್ ಪಾರ್ಕಿನ ರೈಡ್ ಸಾಲಿಗೂ ಬಂದುಬಿಟ್ಟಿದೆ. ಒಬ್ಬ ಹುಡುಗ ಅರ್ಧ ಗಂಟೆ ನಿಂತಿರುತ್ತಾನೆ. ಅವನ ಸರದಿ ಬರುವ ಹೊತ್ತಿಗೆ ಐಸ್‌ಕ್ರೀಮ್ ಮುಗಿಸಿದ ಎಂಟು ಜನ ಕಂಬಿ ಕೆಳಗೆ ನುಸುಳಿ, "ನಮ್ಮವರು ಮುಂದಿದ್ದಾರೆ, ಸ್ವಲ್ಪ ಜಾಗ ಬಿಡಿ" ಎನ್ನುತ್ತಾ ಬರುತ್ತಾರೆ.

ನಾನು ದಾವಣಗೆರೆ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಶಾಲಾ ಪ್ರವಾಸದಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗುವ ಕೆಲಸ ಹಲವು ವರ್ಷಗಳಿಂದ ನನ್ನದೇ. ಮಕ್ಕಳ ಆಯ್ಕೆ ಹೆಚ್ಚಾಗಿ ಬಿಡದಿಯ ವಂಡರ್‌ಲಾ. 2005ರಲ್ಲಿ ಮೈಸೂರು ರಸ್ತೆಯಲ್ಲಿ ಶುರುವಾದ ಆ ಪಾರ್ಕಿನಲ್ಲಿ ಒಣ ರೈಡ್, ನೀರಿನ ರೈಡ್ ಎಲ್ಲ ಸೇರಿ ಅರವತ್ತರ ಆಸುಪಾಸು ಇವೆ. ಒಂದು ದಿನದಲ್ಲಿ ಮಕ್ಕಳಿಗೆ ಹತ್ತು ದೊಡ್ಡ ರೈಡ್ ಸಿಕ್ಕಿದರೆ ಅದು ಒಳ್ಳೆಯ ದಿನ. ಒಂದೊಂದೂ ಎರಡು ಮೂರು ನಿಮಿಷದ್ದು. ಒಟ್ಟು ಸೇರಿಸಿದರೆ ಯಂತ್ರದ ಮೇಲೆ ಕೂತದ್ದು ಅರ್ಧ ಗಂಟೆಯೂ ಆಗುವುದಿಲ್ಲ. ಉಳಿದ ಹೊತ್ತು ನಡಿಗೆಗೆ, ಊಟಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಸಾಲಿಗೆ ಹೋಗುತ್ತದೆ. ಹಾಗಾಗಿ ಆ ದಿನ ಚೆನ್ನಾಗಿತ್ತೋ ಇಲ್ಲವೋ ಎಂಬುದು ಸಾಲಿನಲ್ಲಿ ಅಕ್ಕಪಕ್ಕದವರು ಹೇಗಿದ್ದರು ಎಂಬುದರ ಮೇಲೆ ನಿಂತಿದೆ. ಪ್ರವಾಸಕ್ಕೆ ಮುಂಚೆ ಮಕ್ಕಳಿಗೆ ಹೇಳಿಕೊಡುವುದನ್ನು ಇಲ್ಲಿ ದೊಡ್ಡವರಿಗಾಗಿ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಮಕ್ಕಳು ಒಂದೇ ಸಲಕ್ಕೆ ಕಲಿಯುತ್ತಾರೆ.

ಮೊದಲು, ಮನೆಯಲ್ಲೇ

ಮಗುವಿನ ಎತ್ತರ ಅಳೆಯಿರಿ. ಗೋಡೆಗೆ ಒರಗಿಸಿ, ಪೆನ್ಸಿಲ್ ಗೆರೆ ಎಳೆದು, ಟೇಪು ಹಿಡಿದು ನೋಡಿ. ಇದಕ್ಕೂ ಸಾಲಿನ ಸೌಜನ್ಯಕ್ಕೂ ಏನು ಸಂಬಂಧ ಎನಿಸಬಹುದು. ವಂಡರ್‌ಲಾದಲ್ಲಿ ಟಿಕೆಟ್ ನಿರ್ಧಾರವಾಗುವುದೇ ಎತ್ತರದ ಮೇಲೆ. 85 ಸೆಂಟಿಮೀಟರ್‌ಗಿಂತ ಚಿಕ್ಕವರಿಗೆ ಟಿಕೆಟ್ ಬೇಕಿಲ್ಲ, 140ರವರೆಗೆ ಮಕ್ಕಳ ಟಿಕೆಟ್. ಜೋರಾದ ರೈಡ್‌ಗಳ ಬಾಗಿಲಲ್ಲೂ ಅಳತೆಯ ಪಟ್ಟಿ ಇರುತ್ತದೆ. ಎರಡು ಸೆಂಟಿಮೀಟರ್ ಕಡಿಮೆ ಇರುವ ಮಗು ನಲವತ್ತು ನಿಮಿಷ ಕಾದು, ಗೇಟಿನ ಹತ್ತಿರ ಬಂದಾಗ "ಆಗಲ್ಲ ಪುಟ್ಟಾ" ಎನಿಸಿಕೊಂಡರೆ ಅದಕ್ಕೆ ಎಷ್ಟು ನೋವಾಗುತ್ತದೆ! ಅಪ್ಪ ವಾದಕ್ಕೆ ನಿಲ್ಲುತ್ತಾನೆ, ಅಮ್ಮ ಸಮಾಧಾನ ಮಾಡುತ್ತಾಳೆ, ಹಿಂದಿನ ಇನ್ನೂರು ಜನ ಸುಮ್ಮನೆ ನಿಂತಿರುತ್ತಾರೆ. ಅಳತೆ ಇರುವುದು ಮಗು ಬೆಲ್ಟಿನಿಂದ ಜಾರಬಾರದು ಎಂಬ ಕಾರಣಕ್ಕೆ. ಗೇಟಿನಲ್ಲಿ ನಿಂತವರಿಗೆ ಅದನ್ನು ಸಡಿಲಿಸುವ ಅಧಿಕಾರವೂ ಇಲ್ಲ, ಸಡಿಲಿಸಲೂಬಾರದು.

ಮನೆಯ ಎಲ್ಲರೂ ಕೂತು ಯಾರು ಯಾವ ರೈಡ್ ಹತ್ತುತ್ತೀರಿ ಎಂದು ಮಾತಾಡಿಕೊಳ್ಳಿ. ಬಿ.ಪಿ., ಹೃದಯದ ತೊಂದರೆ, ಬೆನ್ನುನೋವು ಇರುವವರು, ಗರ್ಭಿಣಿಯರು ಯಾವುದಕ್ಕೆ ಹತ್ತಬಾರದು ಎಂಬುದು ಸಾಲಿನ ಶುರುವಿನಲ್ಲೇ ಬೋರ್ಡಿನ ಮೇಲೆ ಬರೆದಿರುತ್ತದೆ. ಸಾಲಿನ ತುದಿಯಲ್ಲಿ ಅದನ್ನು ಓದಲು ಶುರುಮಾಡಿದರೆ ತಡವಾಯಿತು.

ಚೀಲ ಆದಷ್ಟು ಚಿಕ್ಕದಿರಲಿ. ನೀರಿಗೆ ಇಳಿಯುವವರು ನೈಲಾನ್ ಬಟ್ಟೆ ತರಬೇಕೆಂಬ ನಿಯಮವನ್ನೂ ಮರೆಯಬೇಡಿ. ಕಾಟನ್ ಚೂಡಿದಾರ, ಜೀನ್ಸ್, ಸೀರೆಯಲ್ಲಿ ಬಂದವರು ಅಲ್ಲಿ ಬಟ್ಟೆ ಹುಡುಕುತ್ತಾ ಓಡಾಡುವುದನ್ನು ಪ್ರತಿ ಸಲ ನೋಡುತ್ತೇನೆ.

ಸಾಲು ಸೇರುವ ಮುಂಚೆ

ಶೌಚಾಲಯಕ್ಕೆ ಹೋಗಿ ಬನ್ನಿ, ನೀರು ಕುಡಿಯಿರಿ, ತಲೆ ಎಣಿಸಿ. ಈ ಮೂರು ಮುಗಿದ ಮೇಲೆ ಸಾಲಿಗೆ ಸೇರಿ. ಸಾಲಿನ ಜಗಳಗಳಲ್ಲಿ ಅರ್ಧ ಇಲ್ಲಿಗೇ ತಪ್ಪುತ್ತವೆ.

ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಕೆಲವು ಪಾರ್ಕುಗಳಲ್ಲಿ ಕಾಯುವ ಸಮಯವನ್ನು ಬೋರ್ಡಿನಲ್ಲಿ ಹಾಕಿರುತ್ತಾರೆ. ಇಲ್ಲದಿದ್ದರೆ ಒಂದು ನಿಮಿಷ ನಿಂತು ಗಮನಿಸಿ. ಒಂದು ಸುತ್ತಿಗೆ ಎಷ್ಟು ಜನ ಕೂರುತ್ತಾರೆ? ಒಂದು ಸುತ್ತು ಹೊರಟು ಮುಂದಿನದು ಹೊರಡಲು ಎಷ್ಟು ನಿಮಿಷ ಬೇಕು? ಉದಾಹರಣೆಗೆ 24 ಸೀಟು, 4 ನಿಮಿಷ ಎಂದಿಟ್ಟುಕೊಳ್ಳಿ. ಕಂಬಿಯ ಒಂದು ಸಾಲಿನಲ್ಲಿ ನಿಂತವರನ್ನು ಎಣಿಸಿ, ಅಂಥ ಸಾಲು ಎಷ್ಟಿವೆ ನೋಡಿ, ಗುಣಿಸಿ. 192 ಜನ ಮುಂದಿದ್ದರೆ 8 ಸುತ್ತು, ಅಂದರೆ 32 ನಿಮಿಷ. ಅಷ್ಟು ಹೊತ್ತು ನಿಲ್ಲುವ ಮನಸ್ಸು ಇಲ್ಲವೇ, ಈಗಲೇ ಬೇರೆ ರೈಡ್ ಕಡೆ ಹೋಗಿ. ಅರ್ಧ ದಾರಿಯಲ್ಲಿ ಬೇಸತ್ತು ಎಲ್ಲರನ್ನೂ ತಳ್ಳಿಕೊಂಡು ವಾಪಸು ಬರುವುದಕ್ಕಿಂತ ಅದು ವಾಸಿ.

ಟವೆಲ್ ವಿಚಾರ

ಇದೇ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

"ಒಬ್ಬ ಹೇಗೂ ನಿಂತಿದ್ದಾನಲ್ಲ ಮಿಸ್, ನಾವು ಅವನ ಜೊತೆ ಸೇರಿಕೊಂಡರೆ ಯಾರಿಗೆ ಏನು ನಷ್ಟ?" ಎಂದು ನನ್ನ ತರಗತಿಯ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಬೋರ್ಡಿನ ಮೇಲೆ ಲೆಕ್ಕ ಬರೆದೆವು. ಅದೇ 24 ಸೀಟು, ಅದೇ 4 ನಿಮಿಷ. ನುಗ್ಗಿದವರು 8 ಜನ. ಅವರ ಹಿಂದೆ ಉಳಿದವರು 150 ಜನ. ಆ ಎಂಟು ಮಂದಿ ನ್ಯಾಯವಾಗಿ ಕೊನೆಯಲ್ಲಿ ನಿಂತಿದ್ದರೆ ಹೆಚ್ಚು ಕಡಿಮೆ 25 ನಿಮಿಷ ಕಾಯಬೇಕಿತ್ತು. ಅಂದರೆ ಎಂಟೂ ಜನ ಸೇರಿ ಉಳಿಸಿಕೊಂಡದ್ದು 200 ನಿಮಿಷ. ಹಿಂದಿನವರ ಲೆಕ್ಕ ನೋಡೋಣ. 8 ಸೀಟು ಅಂದರೆ ಒಂದು ಸುತ್ತಿನ ಮೂರನೇ ಒಂದು ಭಾಗ. ಕೆಲವರಿಗೆ ಏನೂ ತಡವಾಗುವುದಿಲ್ಲ, ಕೆಲವರಿಗೆ ಪೂರ್ತಿ ಒಂದು ಸುತ್ತು ತಪ್ಪುತ್ತದೆ. ಸರಾಸರಿ ತೆಗೆದರೆ ತಲೆಗೆ 80 ಸೆಕೆಂಡು. 150ರಿಂದ ಗುಣಿಸಿದರೆ 12,000 ಸೆಕೆಂಡು. ಅದನ್ನು 60ರಿಂದ ಭಾಗಿಸಿದರೆ 200 ನಿಮಿಷ.

ಎರಡೂ ಕಡೆ 200! ತರಗತಿ ಒಂದು ಕ್ಷಣ ಸುಮ್ಮನಾಯಿತು. ಆ ಎಂಟು ಜನ ಉಳಿಸಿದ ಒಂದೊಂದು ನಿಮಿಷವೂ ಹಿಂದೆ ನಿಂತವರ ಜೇಬಿನಿಂದಲೇ ಬಂದದ್ದು. ಸಾಲಿನಲ್ಲಿ ಸಮಯ ಹೊಸದಾಗಿ ಹುಟ್ಟುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೇ. ಒಬ್ಬೊಬ್ಬರಿಂದ ಒಂದು ನಿಮಿಷ ಚಿಲ್ಲರೆ ತೆಗೆದುಕೊಂಡದ್ದರಿಂದ ಕಳ್ಳತನ ಎಂದು ಯಾರಿಗೂ ಅನಿಸುವುದಿಲ್ಲ, ತೆಗೆದುಕೊಂಡವರಿಗೂ ಸಹ.

ಆದ್ದರಿಂದ ಕ್ರಮ ಹೀಗಿರಲಿ. ಎಲ್ಲರೂ ಸೇರಿದ ಮೇಲೆ ಒಟ್ಟಿಗೆ ಸಾಲಿಗೆ ಬನ್ನಿ. ಯಾರಾದರೂ ಹಿಂದೆ ಉಳಿದಿದ್ದರೆ ಮುಂದಿರುವವರು ಹಿಂದಕ್ಕೆ ಹೋಗಿ ಅವರ ಜೊತೆ ನಿಲ್ಲಬೇಕು. ಹಿಂದಿರುವವರು ಮುಂದಕ್ಕೆ ಬರಬಾರದು. ಇದೊಂದು ಅಭ್ಯಾಸವಾದರೆ "ನಮ್ಮವರು ಮುಂದಿದ್ದಾರೆ" ಎಂಬ ಮಾತೇ ಬೇಕಾಗುವುದಿಲ್ಲ. ನಾನು ಮಕ್ಕಳಿಗೆ ಆರಾರು ಜನರ ಗುಂಪು ಮಾಡಿರುತ್ತೇನೆ. ಒಂದು ಗುಂಪು ಪೂರ್ತಿಯಾಗದೆ ಯಾವ ಸಾಲಿಗೂ ಕಾಲಿಡುವಂತಿಲ್ಲ.

ಇದಕ್ಕೊಂದು ವಿನಾಯಿತಿ ಇದೆ, ಇರಲೇಬೇಕು. ಚಿಕ್ಕ ಮಗುವಿಗೆ ಸಾಲಿನ ನಡುವೆ ಅರ್ಜೆಂಟಾದರೆ ಯಾರೂ ಏನೂ ಮಾಡಲಾಗದು. ಆಗ ಮಗು ಮತ್ತು ಒಬ್ಬ ದೊಡ್ಡವರು ಮಾತ್ರ ಹೋಗಲಿ, ಉಳಿದವರು ಜಾಗದಲ್ಲೇ ಇರಲಿ. ಹೋಗುವ ಮುಂಚೆ ಹಿಂದೆ ನಿಂತವರಿಗೆ, "ಅಕ್ಕಾ, ಮಗೂನ ಬಾತ್‌ರೂಮಿಗೆ ಕರ್ಕೊಂಡು ಹೋಗಿ ಬರ್ತೀನಿ, ಇಲ್ಲೇ ನಿಂತಿದ್ವಿ" ಎಂದು ಹೇಳಿ ಹೋಗಿ. ಮೊದಲೇ ಹೇಳಿದ್ದರೆ ಯಾರೂ ಬೇಡ ಎನ್ನುವುದಿಲ್ಲ. ಹೇಳದೆ ಹೋಗಿ ಹತ್ತು ನಿಮಿಷದ ಮೇಲೆ ಕಂಬಿ ದಾಟಿಕೊಂಡು ಬಂದರೆ, ಹೊಸದಾಗಿ ಸೇರಿದ ಹಿಂದಿನವರಿಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ. ಊಟದ ತಟ್ಟೆ ಹಿಡಿದು ಬರುವವರಿಗೆ, ಅಂಗಡಿಗೆ ಹೋಗಿದ್ದವರಿಗೆ ಈ ವಿನಾಯಿತಿ ಇಲ್ಲ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿನ ಪಾರ್ಕು ನೋಡುವ ನಮ್ಮ ಹಿರಿಯರಿಗೂ ಇದನ್ನು ಮುಂಚೆಯೇ ಹೇಳಿ. ಅಲ್ಲಿನ ಹಲವು ದೊಡ್ಡ ಪಾರ್ಕುಗಳಲ್ಲಿ ಸಾಲು ತಪ್ಪಿಸಿದವರನ್ನು ಹಣ ವಾಪಸು ಕೊಡದೆ ಹೊರಗೆ ಕಳಿಸುವ ನಿಯಮವಿದೆ. "ಮೊಮ್ಮಗ ಮುಂದಿದ್ದಾನೆ" ಎಂದು ಹೊರಟ ಅಜ್ಜಿಗೆ ಆ ನಿಯಮ ಗೊತ್ತಿರಬೇಕಲ್ಲ. ಇನ್ನೊಂದು ಒಳ್ಳೆಯ ಏರ್ಪಾಡೂ ಅಲ್ಲಿದೆ. ಕೂಸಿರುವ ದಂಪತಿಯಲ್ಲಿ ಒಬ್ಬರು ರೈಡ್ ಮುಗಿಸಿ ಬಂದ ಮೇಲೆ ಇನ್ನೊಬ್ಬರು ಮತ್ತೆ ಪೂರ್ತಿ ಸಾಲು ನಿಲ್ಲದೆ ಹೋಗಬಹುದು. ಗೇಟಿನಲ್ಲಿ ಕೇಳಿದರೆ ಹೇಳುತ್ತಾರೆ. ಕೇಳಿ ಪಡೆದ ಅನುಕೂಲಕ್ಕೂ ನುಸುಳಿ ಪಡೆದ ಅನುಕೂಲಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಸಾಲಿನೊಳಗೆ ನಿಲ್ಲುವ ರೀತಿ

ಮುಂದಿನವರಿಗೂ ನಿಮಗೂ ನಡುವೆ ಒಂದು ಮೊಳ ಜಾಗ ಇರಲಿ. ಸಾಲು ಸರಿದಾಗ ನೀವೂ ಸರಿಯಿರಿ. ಫೋನಿನಲ್ಲಿ ಮುಳುಗಿ ನಾಲ್ಕು ಮಾರು ಜಾಗ ಖಾಲಿ ಬಿಟ್ಟರೆ ಅಲ್ಲಿಗೆ ಯಾರಾದರೂ ನುಗ್ಗಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ಹಾಗೆಂದು ಮೈಗೆ ಮೈ ಅಂಟಿಸಿಕೊಂಡು ನಿಂತರೆ ರೈಡ್ ಒಂದು ಸೆಕೆಂಡೂ ಬೇಗ ಬರುವುದಿಲ್ಲ. ರೈಡ್ ಹೊರಡುವುದು ಅದರ ಸೀಟಿನ ಲೆಕ್ಕದಲ್ಲಿ, ನಾವು ಹಿಂದಿನಿಂದ ತಳ್ಳುವ ಬಲದಲ್ಲಿ ಅಲ್ಲ.

ಈ ಒಂದು ಮೊಳದ ಮಾತನ್ನು ಗಂಡಸರಿಗೆ, ಹುಡುಗರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಒಂದು ವರ್ಷ ಒಂದು ಪಾರ್ಕಿನ ನೀರಿನ ರೈಡ್ ಮೆಟ್ಟಿಲ ಮೇಲೆ ನಮ್ಮ ಹುಡುಗಿಯರ ಹಿಂದೆ ಏಳೆಂಟು ಯುವಕರು ನಿಂತಿದ್ದರು. ಸಾಲು ಸರಿದಾಗಲೆಲ್ಲ ಒಬ್ಬರನ್ನೊಬ್ಬರು ತಳ್ಳುವ ನೆಪದಲ್ಲಿ ಮುಂದಕ್ಕೆ ಬೀಳುತ್ತಿದ್ದರು. ಒಬ್ಬ ಫೋನು ಎತ್ತಿ ಹಿಡಿದಿದ್ದ. ನನ್ನ ಹುಡುಗಿಯರು ಒದ್ದೆ ಬಟ್ಟೆಯಲ್ಲಿ ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದರು. ನಗುನಗುತ್ತಾ ಮೆಟ್ಟಿಲು ಹತ್ತಲು ಶುರುಮಾಡಿದ ಮಕ್ಕಳು ಅವರು. ನಾನು ನಡುವೆ ಹೋಗಿ ನಿಂತು, "ಸ್ವಲ್ಪ ಹಿಂದೆ ಸರೀರಪ್ಪ, ಫೋನ್ ಕೆಳಗಿಡಿ" ಎಂದೆ. ಸರಿದರು. ಆದರೆ ಆ ಮಕ್ಕಳು ಮತ್ತೆ ಆ ದಿನ ನೀರಿಗೆ ಇಳಿಯಲಿಲ್ಲ.

ಆಮೇಲಿಂದ ನಮ್ಮ ಶಾಲೆಯ ಗುಂಪಿನಲ್ಲಿ ಮುಂದೊಬ್ಬರು, ಹಿಂದೊಬ್ಬರು ಶಿಕ್ಷಕರು ಇರುತ್ತೇವೆ. ಹುಡುಗಿಯರಿಗೆ ಹೇಳಿಕೊಟ್ಟಿರುವುದು ಇಷ್ಟು: ಯಾರಾದರೂ ಮೈಮೇಲೆ ಬಿದ್ದರೆ ತಿರುಗಿ ನೋಡಿ, ಜೋರಾಗಿ "ದೂರ ನಿಂತ್ಕೊಳ್ಳಿ" ಎನ್ನಿ. ಕೇಳದಿದ್ದರೆ ಶರಟಿನ ಬಣ್ಣ ನೆನಪಿಟ್ಟುಕೊಂಡು ಮೇಲೆ ನಿಂತ ಸಿಬ್ಬಂದಿಗೆ ಹೇಳಿ. ಅದು ನಿಮ್ಮ ತಪ್ಪಲ್ಲ. ಅಕ್ಕಪಕ್ಕದಲ್ಲಿ ಇರುವವರಿಗೂ ಒಂದು ಮಾತು. ಇಂಥದ್ದು ಕಣ್ಣಿಗೆ ಬಿದ್ದರೆ ಜಗಳ ಮಾಡಬೇಕಿಲ್ಲ, "ಏನಮ್ಮಾ, ಈ ಕಡೆ ಬಾ, ನಮ್ಮ ಮುಂದೆ ನಿಲ್ಲು" ಎಂದು ಕರೆದರೂ ಸಾಕು. ಅಂಥ ಒಂದು ಕುಟುಂಬ ಅಲ್ಲಿದ್ದರೆ ಆ ಹುಡುಗಿಯ ದಿನ ಉಳಿಯುತ್ತದೆ. ನೀರಿನ ರೈಡ್ ಸಾಲಿನಲ್ಲಿ ವಿಡಿಯೊ ತೆಗೆಯುವುದನ್ನು ಪೂರ್ತಿ ಬಿಟ್ಟುಬಿಡಿ. ನೀವು ನಿಮ್ಮ ಗೆಳೆಯನನ್ನೇ ಚಿತ್ರಿಸುತ್ತಿರಬಹುದು, ಹಿಂದೆ ಕಾಣುವವರು ಒಪ್ಪಿಗೆ ಕೊಟ್ಟಿಲ್ಲ.

ಉಳಿದ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಪೀಕರಿನಲ್ಲಿ ಹಾಡು, ರೀಲ್ಸ್ ಬೇಡ. ಸಿಗರೇಟು, ಗುಟ್ಕಾ ಬೇಡವೇ ಬೇಡ. ಕಂಬಿಗಳ ಮೇಲೆ ಮಕ್ಕಳನ್ನು ಕೂರಿಸಬೇಡಿ, ಜಾರಿದರೆ ಹಲ್ಲೇ ಹೋಗುತ್ತದೆ. ಕಾಲು ನೋವಾದರೆ ಕೂರಬಹುದು, ಸಾಲು ಸರಿದ ತಕ್ಷಣ ಏಳಬೇಕು. ಅಂತ್ಯಾಕ್ಷರಿ ಆಡಿ, ಒಗಟು ಹಾಕಿ, ದನಿ ನಿಮ್ಮ ಗುಂಪಿಗೆ ಕೇಳುವಷ್ಟಿರಲಿ. ನಮ್ಮ ಮಕ್ಕಳು ಒಮ್ಮೆ ಅಂತ್ಯಾಕ್ಷರಿಗೆ ಹಿಂದೆ ನಿಂತಿದ್ದ ಮಂಡ್ಯದ ಕುಟುಂಬವೊಂದನ್ನು ಸೇರಿಸಿಕೊಂಡರು. ನಲವತ್ತು ನಿಮಿಷ ಹೋದದ್ದೇ ಗೊತ್ತಾಗಲಿಲ್ಲ.

ಯಾರಾದರೂ ನುಗ್ಗಿದರೆ

ಮೊದಲ ಸಲಕ್ಕೆ ಅವರಿಗೆ ಗೊತ್ತಿಲ್ಲ ಎಂದೇ ತಿಳಿದು ಮಾತಾಡಿ. ಸುತ್ತಿ ಸುತ್ತಿ ಹೋಗುವ ಕಂಬಿಗಳ ನಡುವೆ ಸಾಲು ಎಲ್ಲಿ ಶುರುವಾಗುತ್ತದೆ ಎಂದು ನಿಜವಾಗಿಯೂ ಗೊತ್ತಾಗದವರು ಇರುತ್ತಾರೆ. "ಸರ್, ಲೈನು ಆ ಕಡೆಯಿಂದ ಇದೆ ನೋಡಿ" ಎಂದರೆ ಹತ್ತರಲ್ಲಿ ಏಳು ಜನ ಹಿಂದೆ ಹೋಗುತ್ತಾರೆ ಎಂಬುದು ನನ್ನ ಅನುಭವ. ನಮ್ಮ ಕಡೆಯವರಾದರೆ "ಅಣ್ಣಾರ, ಪಾಳಿ ಹಿಂದಿಂದ ಐತ್ರಿ" ಎಂದರೆ ಮುಗಿಯಿತು. ಅದನ್ನೇ "ಏಯ್, ಕಣ್ ಕಾಣ್ಸಲ್ವಾ?" ಎಂದು ಶುರುಮಾಡಿದರೆ ತಪ್ಪು ಮಾಡಿದವರಿಗೂ ಮಾನದ ಪ್ರಶ್ನೆ ಬಂದುಬಿಡುತ್ತದೆ, ಆಮೇಲೆ ಹಿಂದೆ ಹೋಗುವುದಿಲ್ಲ.

ಬಿಡದಿಗೆ ತಮಿಳುನಾಡಿನವರು, ಆಂಧ್ರದವರು, ಕೇರಳದವರು, ಉತ್ತರದವರು ಎಲ್ಲರೂ ಬರುತ್ತಾರೆ. ಭಾಷೆ ಬಾರದಿದ್ದರೆ ಕೈಯಲ್ಲಿ ಸಾಲಿನ ತುದಿ ತೋರಿಸಿ. ಸಾಲು ತಪ್ಪಿಸಿದ್ದನ್ನು ಯಾವ ಭಾಷೆಯವರ ಗುಣ ಎಂದೂ ಮಾಡಬೇಡಿ. ನಾನು ಕಂಡಂತೆ ಈ ವಿಷಯದಲ್ಲಿ ಎಲ್ಲ ಭಾಷೆಯವರೂ ಒಂದೇ.

ಎರಡನೆಯ ಸಲ ಹೇಳಿದರೂ ಕೇಳದಿದ್ದರೆ ನೀವು ಮುಂದುವರಿಸಬೇಡಿ. ಗೇಟಿನ ಹತ್ತಿರ ಬಂದಾಗ ಸಿಬ್ಬಂದಿಗೆ ಹೇಳಿ. ಕೆಲವು ವರ್ಷಗಳ ಹಿಂದೆ ಒಂದು ಪಾರ್ಕಿನಲ್ಲಿ ಎರಡು ಗುಂಪಿನವರು ಕೈಕೈ ಮಿಲಾಯಿಸಿದರು. ಹದಿನೈದು ನಿಮಿಷ ರೈಡ್ ನಿಲ್ಲಿಸಿದರು. ನ್ಯಾಯವಾಗಿ ನಿಂತಿದ್ದ ಗುಂಪಿನವರೂ ಹೊರಗೆ ಹೋಗಬೇಕಾಯಿತು. ಅವರ ಜೊತೆಗಿದ್ದ ಪುಟ್ಟ ಹುಡುಗಿ ಅಪ್ಪನ ಹರಿದ ಶರಟು ಹಿಡಿದುಕೊಂಡು ಅಳುತ್ತಾ ಹೋದದ್ದು ನನ್ನ ಕಣ್ಣಿಂದ ಹೋಗಿಲ್ಲ. ಎಂಟು ಜನ ನುಗ್ಗಿದರೆ ನಮಗಾಗುವ ನಷ್ಟ ಸರಾಸರಿ 80 ಸೆಕೆಂಡು ಎಂದು ಆಗಲೇ ಲೆಕ್ಕ ಹಾಕಿದೆವಲ್ಲ. ಆದರೂ ಸಿಟ್ಟು ಅಷ್ಟೊಂದು ಬರುವುದೇಕೆ? ಸಾಲಿನಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಬರೆದ ಮಾತುಗಳಲ್ಲಿ ಇದಕ್ಕೆ ಉತ್ತರವಿದೆ. ಅನ್ಯಾಯದ ಕಾಯುವಿಕೆ ನ್ಯಾಯದ ಕಾಯುವಿಕೆಗಿಂತ ಉದ್ದ ಎನಿಸುತ್ತದೆ. ನಮ್ಮ ಸಿಟ್ಟು ಹೊತ್ತಿನ ಬಗ್ಗೆ ಅಲ್ಲ, ನ್ಯಾಯದ ಬಗ್ಗೆ. ಅದು ಒಳ್ಳೆಯ ಸಿಟ್ಟೇ, ಆದರೆ ಮುಷ್ಟಿಗೆ ಇಳಿಯಬಾರದು.

ಫಾಸ್ಟ್‌ಟ್ರ್ಯಾಕ್‌ನವರು

ಹೆಚ್ಚು ಹಣ ಕೊಟ್ಟವರಿಗೆ ಬೇರೆ ಗೇಟು ಇರುತ್ತದೆ. ಅವರು ನುಗ್ಗಿದವರಲ್ಲ. ಅವರನ್ನು ನೋಡಿ ಕೂಗುವುದು, "ದುಡ್ಡಿದ್ದೋರಿಗೇ ಎಲ್ಲ" ಎಂದು ಚುಚ್ಚುವುದು ಬೇಡ. ಆ ಟಿಕೆಟ್ ಕೊಂಡವರೂ ತಮ್ಮ ಗೆಳೆಯರನ್ನು ಟಿಕೆಟ್ ಇಲ್ಲದೆ ಆ ಗೇಟಿನಿಂದ ಎಳೆದುಕೊಳ್ಳಬಾರದು.

ಮಕ್ಕಳು ಇದರ ಬಗ್ಗೆ ಬಿಡದೆ ಕೇಳುತ್ತಾರೆ. "ಮಿಸ್, ಅವರೂ ನಮ್ಮ ನಿಮಿಷವನ್ನೇ ತಗೊಳ್ತಾರಲ್ಲ?" ಹೌದು, ಲೆಕ್ಕ ಅದೇ. ದೇವಸ್ಥಾನದ ವಿಶೇಷ ದರ್ಶನದ ಚೀಟಿಯಲ್ಲೂ ಅದೇ ಲೆಕ್ಕ. ಅಮೆರಿಕದ ಡಿಸ್ನಿ ಪಾರ್ಕಿನವರು 1999ರಲ್ಲಿ ಇಂಥದ್ದನ್ನು ಶುರುಮಾಡಿದಾಗ ಅದು ಎಲ್ಲರಿಗೂ ಉಚಿತವಿತ್ತು, ಸಮಯದ ಚೀಟಿ ತೆಗೆದುಕೊಂಡು ಹೋಗಿ ಆ ಹೊತ್ತಿಗೆ ಬಂದರಾಯಿತು. 2021ರಲ್ಲಿ ಅದರ ಜಾಗಕ್ಕೆ ಹಣ ಕೊಡುವ ಪದ್ಧತಿ ಬಂತು. ನನಗೆ ಉಚಿತವಾಗಿದ್ದ ಹಳೆಯ ಕ್ರಮವೇ ಸರಿ ಎನಿಸುತ್ತದೆ, ಸರ್ಕಾರಿ ಶಾಲೆಯ ಮಕ್ಕಳ ಜೊತೆ ಬಿಸಿಲಿನಲ್ಲಿ ನಿಂತಾಗ ಇನ್ನೂ ಹೆಚ್ಚಾಗಿ. ಆ ಮಾತನ್ನು ಹೇಳಬೇಕಾದ್ದು ಪಾರ್ಕಿನ ಆಡಳಿತಕ್ಕೆ. ಪಕ್ಕದ ಗೇಟಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಪನಿಗೆ ಅಲ್ಲ.

ಗಾಲಿಕುರ್ಚಿಯಲ್ಲಿ ಬಂದವರನ್ನು, ವಿಶೇಷ ಅಗತ್ಯವಿರುವ ಮಕ್ಕಳನ್ನು ಸಿಬ್ಬಂದಿ ಬೇರೆ ದಾರಿಯಲ್ಲಿ ಕರೆದುಕೊಂಡು ಹೋದರೆ "ಏನಾಗಿದೆ ಇವನಿಗೆ, ಚೆನ್ನಾಗೇ ಇದ್ದಾನಲ್ಲ?" ಎಂದು ಕೇಳಬೇಡಿ. ಗದ್ದಲ, ನೂಕುನುಗ್ಗಲು ತಡೆಯಲಾರದ ಮಗುವಿನ ಕಷ್ಟ ಮುಖದ ಮೇಲೆ ಬರೆದಿರುವುದಿಲ್ಲ. ಆ ತಾಯಿ ಅಂಥ ಪ್ರಶ್ನೆಗೆ ನೂರು ಸಲ ಉತ್ತರ ಕೊಟ್ಟಿರುತ್ತಾಳೆ.

ಹತ್ತುವ ಜಾಗ

ಸಾಲು ನಿಧಾನವಾಗುವುದು ಬಹುಪಾಲು ಇಲ್ಲೇ. ಪ್ರತಿ ಸುತ್ತಿಗೂ ಚಪ್ಪಲಿ, ಚೀಲ, ಸೀಟಿನ ತಕರಾರು ಎಂದು 40 ಸೆಕೆಂಡು ಹೆಚ್ಚು ಹೋದರೆ, ಎಂಟನೇ ಸುತ್ತಿನವರಿಗೆ ಐದು ನಿಮಿಷಕ್ಕೂ ಹೆಚ್ಚು ತಡವಾಗುತ್ತದೆ. ಒಬ್ಬರು ನುಗ್ಗಿದಾಗ ಆಗುವ ನಷ್ಟಕ್ಕಿಂತ ಇದು ಎಷ್ಟೋ ದೊಡ್ಡದು. ಆದರೂ ಇದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ.

ನಿಮ್ಮ ಮುಂದೆ ಎರಡು ಸುತ್ತಿನ ಜನ ಇರುವಾಗಲೇ ತಯಾರಾಗಿ. ಕನ್ನಡಕ, ಫೋನು, ಕೀಲಿ, ನಾಣ್ಯ ಎಲ್ಲ ಒಂದು ಕಡೆ ಇರಲಿ. ಕೂದಲು, ದುಪಟ್ಟಾ ಗಂಟು ಹಾಕಿಕೊಳ್ಳಿ. ಎಷ್ಟು ಜನ ಎಂದು ಸಿಬ್ಬಂದಿ ಕೇಳಿದರೆ ಬೆರಳೆತ್ತಿ ತೋರಿಸಿ, ಆ ಗದ್ದಲದಲ್ಲಿ ದನಿ ಕೇಳುವುದಿಲ್ಲ. ಅವರು ತೋರಿಸಿದ ಸೀಟಿನಲ್ಲಿ ಕೂರಿ. ವಂಡರ್‌ಲಾದ ರಿಕಾಯಿಲ್ ಎಂಬ ರೋಲರ್ ಕೋಸ್ಟರಿನಂಥ ರೈಡ್‌ನಲ್ಲಿ ಎಲ್ಲರಿಗೂ ಮುಂದಿನ ಸೀಟೇ ಬೇಕು. ಅದು ಹೋಗುವಾಗ ಮುಂದಕ್ಕೆ, ಬರುವಾಗ ಹಿಂದಕ್ಕೆ ಓಡುತ್ತದೆ, ಹಾಗಾಗಿ ವಾಪಸು ಬರುವಾಗ ಹಿಂದಿನ ಸೀಟಿನವರೇ ಮುಂದಿನವರು. ಇದನ್ನು ಹೇಳಿದರೆ ನಮ್ಮ ಮಕ್ಕಳ ಜಗಳ ನಿಲ್ಲುತ್ತದೆ. ಒಂದೇ ಸೀಟು ಖಾಲಿ ಉಳಿದು "ಒಬ್ಬರು ಬನ್ನಿ" ಎಂದು ಕರೆದಾಗ ಗುಂಪಿನಲ್ಲಿ ಧೈರ್ಯ ಇರುವವರು ಹೋಗಿ. ಖಾಲಿ ಓಡಿದ ಸೀಟು ಯಾರಿಗೂ ಸಿಗದೆ ಹೋಗುತ್ತದೆ.

ಸೀಟಿನಲ್ಲಿ ನಮ್ಮನ್ನು ಹಿಡಿದಿಡುವ ಬಾರ್ ಸರಿಯಾಗಿ ಬಿತ್ತೇ ಎಂದು ಸಿಬ್ಬಂದಿ ಎಳೆದು ನೋಡುವಾಗ "ಆಯ್ತು ಬಿಡ್ರೀ" ಎನ್ನಬೇಡಿ. ಆ ಹೊತ್ತು ನಷ್ಟದ ಲೆಕ್ಕಕ್ಕೆ ಸೇರುವುದಿಲ್ಲ.

ಹೆದರಿದವರ ವಿಷಯ. ಒಮ್ಮೆ ನಮ್ಮ ಹುಡುಗಿಯೊಬ್ಬಳು ಗೇಟಿನವರೆಗೆ ಬಂದು, ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದವರನ್ನು ನೋಡಿ ಕಲ್ಲಾಗಿ ನಿಂತಳು. ಸಹಪಾಠಿಗಳು "ಪುಕ್ಕಲಿ, ಪುಕ್ಕಲಿ" ಎಂದು ಶುರುಮಾಡಿದರು, ಹಿಂದಿನವರೂ ದನಿಗೂಡಿಸಿದರು. ಗೇಟಿನ ಹುಡುಗ ಏನೂ ಹೇಳದೆ ಪಕ್ಕದ ಸಣ್ಣ ಬಾಗಿಲು ತೆರೆದು, "ಈ ಕಡೆ ಬಾ ಪುಟ್ಟಿ, ಇಲ್ಲಿಂದ ಇಳೀಬಹುದು" ಎಂದ. ಹತ್ತು ಸೆಕೆಂಡೂ ಆಗಲಿಲ್ಲ. ಅವನಿಗೆ ನಾನು ಆ ಹೊತ್ತಿನಲ್ಲಿ ಥ್ಯಾಂಕ್ಸ್ ಹೇಳಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಕೊನೆಯ ಕ್ಷಣದಲ್ಲಿ ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ. ಹೆದರಿದ ಮಗುವನ್ನು ಬಲವಂತವಾಗಿ ಕೂರಿಸಿ ಬಾರ್ ಹಾಕಿಸುವ ಅಪ್ಪಂದಿರು ದಯವಿಟ್ಟು ಯೋಚಿಸಿ.

ನೀರಿನ ಜಾರುಬಂಡೆಗಳಲ್ಲಿ

ಇಲ್ಲಿ ಸಾಲು ಮೆಟ್ಟಿಲ ಮೇಲಿರುತ್ತದೆ, ನೆಲ ಒದ್ದೆ, ಕೈಯಲ್ಲಿ ದೊಡ್ಡ ಟ್ಯೂಬು. ಮೆಟ್ಟಿಲ ಮೇಲೆ ಓಡಬೇಡಿ, ಯಾರನ್ನೂ ದಾಟಬೇಡಿ. ಟ್ಯೂಬನ್ನು ತಲೆಯ ಮೇಲೆ ಹೊತ್ತರೆ ಹಿಂದಿನ ಚಿಕ್ಕವರ ಮುಖಕ್ಕೆ ಬಡಿಯುತ್ತದೆ, ಪಕ್ಕಕ್ಕೆ ಹಿಡಿಯಿರಿ. ಮೇಲೆ ನಿಂತವರು ಸನ್ನೆ ಮಾಡುವವರೆಗೆ ಜಾರಬಾರದು. ಕೆಳಗಿನ ಕೊಳದಲ್ಲಿ ನಿಮಗಿಂತ ಮೊದಲು ಜಾರಿದವರು ಇನ್ನೂ ಎದ್ದಿರುವುದಿಲ್ಲ, ನಿಮ್ಮ ಕಾಲು ಅವರ ತಲೆಗೆ ಬಡಿಯುತ್ತದೆ. ಕೆಳಗೆ ತಲುಪಿದವರು ಕೂದಲು ಸರಿಮಾಡಿಕೊಳ್ಳುತ್ತಾ ಅಲ್ಲೇ ನಿಲ್ಲದೆ ಬೇಗ ಬದಿಗೆ ಬನ್ನಿ.

ರೈಡ್ ನಿಂತುಬಿಟ್ಟರೆ

ಮಳೆ, ಗುಡುಗು, ಕರೆಂಟು, ಸೆನ್ಸರಿನ ತೊಂದರೆ ಎಂದು ರೈಡ್‌ಗಳು ನಿಲ್ಲುತ್ತವೆ. ಸೆನ್ಸರು ಅನುಮಾನ ಪಟ್ಟಾಗ ಯಂತ್ರ ತಾನೇ ನಿಲ್ಲುವಂತೆ ಮಾಡಿರುವುದು ನಮ್ಮ ಒಳ್ಳೆಯದಕ್ಕೇ. ಗೇಟಿನಲ್ಲಿರುವವರ ಮೇಲೆ ಕೂಗಾಡಿದರೆ ಅದು ಬೇಗ ಸರಿಯಾಗುವುದಿಲ್ಲ. "ಎಷ್ಟು ಹೊತ್ತಾಗಬಹುದು ತಮ್ಮಾ?" ಎಂದು ಒಬ್ಬರು ಕೇಳಿ, ಉತ್ತರವನ್ನು ಹಿಂದಿನವರಿಗೆ ದಾಟಿಸಿ. ಎಷ್ಟು ಹೊತ್ತು ಎಂದು ಗೊತ್ತಿದ್ದರೆ ಕಾಯುವುದು ಹಗುರ. "ಹೇಳಕ್ಕಾಗಲ್ಲ ಮೇಡಂ" ಎಂದರೆ ನಾನು ಹತ್ತು ನಿಮಿಷ ನೋಡಿ ಮಕ್ಕಳನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ. ಮತ್ತೆ ಬಂದಾಗ ಕೊನೆಯಿಂದಲೇ ನಿಲ್ಲುತ್ತೇವೆ. ಆಗ ನಿಂತಿದ್ದೆವು ಎಂಬುದಕ್ಕೆ ಈಗ ಲೆಕ್ಕವಿಲ್ಲ.

ಇಳಿದ ಮೇಲೆ, ಹೊರಡುವಾಗ

ಇಳಿದ ಕೂಡಲೇ ಹೊರದಾರಿ ಹಿಡಿಯಿರಿ. ಫೋಟೊ ಆಚೆ ತೆಗೆದುಕೊಳ್ಳಬಹುದು. ತಲೆ ಸುತ್ತಿದರೆ ಸಿಬ್ಬಂದಿಗೆ ಹೇಳಿ ಬದಿಯಲ್ಲಿ ಕೂರಿ. ಇನ್ನೊಂದು ಸಲ ಹೋಗಬೇಕೆನಿಸಿದರೆ ಸಾಲಿನ ತುದಿಗೆ.

ದಿನದ ಕೊನೆಯ ಸಾಲು ಬಟ್ಟೆ ಬದಲಿಸುವ ಕೋಣೆಯದು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಮ್ಮ ಮಕ್ಕಳು ಅತಿ ಹೆಚ್ಚು ಬಳಲುವುದು ಅಲ್ಲೇ. ಚಳಿಗೆ ನಡುಗುತ್ತಾ, ಹಸಿದು, ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಪಾರ್ಕು ಮುಚ್ಚುವುದಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ನೀರಿನಿಂದ ಎದ್ದರೆ ಆ ಸಾಲು ಅರ್ಧದಷ್ಟೂ ಇರುವುದಿಲ್ಲ. ಒಣ ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲೇ ಮಡಚಿ ಇಟ್ಟಿರಿ, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ ಇರಲಿ. ತಲೆ ಬಾಚುವುದು, ಪೌಡರು, ಬಟ್ಟೆ ಹಿಂಡುವುದು ಎಲ್ಲ ಹೊರಗೆ. ಒಬ್ಬೊಬ್ಬರು ಮೂರು ನಿಮಿಷದಲ್ಲಿ ಬಂದುಬಿಡಬಹುದು, ನಾವು ಶಾಲೆಯಲ್ಲಿ ಗಡಿಯಾರ ಹಿಡಿದು ನೋಡಿದ್ದೇವೆ. ಬದಲಿಸಿಕೊಂಡು ಬಂದವರು ಬಾಗಿಲನ್ನು ತಮ್ಮ ಅಕ್ಕನಿಗೋ ಗೆಳತಿಗೋ ಹಿಡಿದು ನಿಲ್ಲದೆ, ಎದುರಿಗೆ ನಡುಗುತ್ತಾ ನಿಂತಿರುವವರಿಗೆ ಬಿಟ್ಟುಕೊಡಿ. ಬಾಗಿಲ ಮೇಲೆ ಟವೆಲ್ ಹಾಕಿ ಹೋಗಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ.